ಹೊಲದಲ್ಲೇ ಕುರಿ ಈಯೋ ಟೈಮಿಗೆ ಮಾವನಿಗೆ ಸಹಾಯಕ್ಕೆ ಹೋಗ್ತಿದೀನಿ, ಏನೇನ್ ಗೊತ್ತಿರ್ಬೇಕು?

ಮುಂಗಾರು_ಮಣ್ಣು:
ಎಲ್ರಿಗೂ ನಮಸ್ಕಾರ. ನಮ್ ಸೋದರಮಾವ ಹಿರಿಯೂರು ಹತ್ರ ನಾಲ್ಕೆಕರೆ ಹೊಲ ಇಟ್ಕೊಂಡು ಕುರಿ ಸಾಕ್ತಿದಾರೆ, 36 ಹೆಣ್ಗುರಿ, ಎರಡು ಟಗರು. ಹೋದ ವಾರ ಬೋರ್‌ವೆಲ್ ಹತ್ರ ಜಾರಿ ಬಿದ್ದು ಕಾಲು ಮುರ್ಕೊಂಡ್ಬಿಟ್ರು, ಪ್ಲಾಸ್ಟರ್ ಹಾಕಿ ಆರು ವಾರ ಕಾಲು ಊರಂಗಿಲ್ಲ ಅಂದಿದಾರೆ. ಅತ್ತೆಗೆ ಮಂಡಿ ನೋವು. ಇದೇ ಹೊತ್ತಿಗೆ 30 ಕುರಿ ತುಂಬು ಗಬ್ಬ, ಜೂನ್ ಕೊನೇಲಿ ಮಳೆ ಬಿದ್ದು ಹಸ್ರು ಚಿಗುರ್ದಾಗ ಟಗರು ಬಿಟ್ಟಿದ್ರಂತೆ, ಹಾಗಾಗಿ ಈ ನವೆಂಬರ್ ಕೊನೆಯಿಂದ ಈಯೋಕೆ ಶುರುವಾಗುತ್ತೆ ಅಂತ ಮಾವ ಲೆಕ್ಕ ಹಾಕಿದಾರೆ. ನಾನು ಬೆಂಗಳೂರಲ್ಲಿ ಕೆಲಸ ಮಾಡೋದು, 15 ದಿನ ರಜೆ ಹಾಕಿದೀನಿ. ಚಿಕ್ಕವನಿದ್ದಾಗ ರಜೆಗೆ ಹೋದಾಗ ಮರಿ ಎತ್ಕೊಂಡು ಓಡಾಡಿದ್ದು ಬಿಟ್ರೆ ಕುರಿ ಈಯೋದನ್ನ ಹತ್ರದಿಂದ ನೋಡಿದ್ದೇ ಇಲ್ಲ.

ಅಲ್ಲಿ ಗೋಡೆ ಇರೋ ಶೆಡ್ ಅಂತ ಏನಿಲ್ಲ. ಜಾಲಿಮುಳ್ಳಿನ ಬೇಲಿ ಹಾಕಿರೋ ರೊಪ್ಪ, ಒಂದ್ ಮೂಲೇಲಿ ತಗಡು ಹೊದ್ಸಿರೋ ಜಾಗ ಅಷ್ಟೇ, ಹತ್ತು ಕುರಿ ಹಿಡಿಸ್ಬೋದು. ಉಳಿದದ್ದೆಲ್ಲ ಬಯಲಲ್ಲೇ. ಇನ್ನೊಂದು, ಹೋದ ವರ್ಷ ಮಾವ ಎಂಟು ನಾರಿ ಸುವರ್ಣ ಕ್ರಾಸ್ ಕುರಿ ತಂದಿದಾರೆ, ಅವು ಅವಳಿ ಹಾಕೋದು ಜಾಸ್ತಿಯಂತೆ, ಅದಕ್ಕೇ ಮಾವನಿಗೆ ಮಲಗಿದಲ್ಲೇ ಚಿಂತೆ. ನಾಟಿ ಕುರಿ ಆದ್ರೆ ಒಂದ್ ಮರಿ ಹಾಕಿ ತಾನೇ ನೋಡ್ಕೊಳುತ್ತೆ, ಇವು ಹೆಂಗೋ ಏನೋ ಅಂತಾರೆ.

ನಾನು ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು, ಮೆಡಿಕಲ್ ಶಾಪಿಂದ ಏನ್ ತಗೊಂಡ್ ಹೋಗ್ಲಿ? ನಮ್ಮನೆಯವ್ರೂ ಜೊತೇಲಿ ಬರ್ತಾರೆ, ಅವ್ರಿಗೆ ಐದು ತಿಂಗಳು, ಹಳ್ಳಿ ಗಾಳಿ ಚೆನ್ನಾಗಿರುತ್ತೆ, ಅತ್ತೆಗೂ ಕೈಗೊಂದು ಆಸರೆ ಆಗುತ್ತೆ ಅಂತ.

ತುಂಗಭದ್ರಾ_ದಂಡಿ:
ಛಲೋ ಕೆಲಸಕ್ಕ ಹೊಂಟೀರಿ ಅಣ್ಣಾರ. ನಾವು ಕೊಪ್ಪಳದ ಕಡಿಯವ್ರು, ಮುತ್ಯಾನ ಕಾಲದಿಂದ ಕುರಿ ಅದಾವು ಮನಿಯಾಗ. ಮೊದಲನೇ ಮಾತು ಏನಂದ್ರ ಕುರಿಗೆ ಈಯೂದು ಗೊತ್ತೈತಿ, ನಿಮಗ ಗೊತ್ತಿಲ್ಲ, ಅದಕ್ಕ ನೀವು ದೂರ ಕುಂದರ್ರಿ. ಹೊಸಬರು ಮಾಡೂ ದೊಡ್ಡ ತಪ್ಪು ಅಂದ್ರ ಹತ್ರ ಹೋಗಿ ಹೋಗಿ ನೋಡೂದು. ಕುರಿ ಅಂಜಿ ಎದ್ದು ಓಡತೈತಿ, ಬ್ಯಾನಿ ನಿಂತು ಬಿಡತೈತಿ, ಮರಿ ಅರ್ಧಕ್ಕ ಸಿಗಿಬೀಳತೈತಿ.

ಈಯೂ ಕುರಿ ಹೆಂಗ ಗುರ್ತು ಹಿಡೀಬೇಕಂದ್ರ, ಕೆಚ್ಚಲ ಬಿಗಿತೈತಿ, ಬಾಲದ ಬುಡ ಎರಡೂ ಕಡಿ ಕುಸೀತೈತಿ, ಹೊಟ್ಟಿ ಕೆಳಗ ಜಗ್ಗತೈತಿ. ಆ ದಿನ ಹಿಂಡು ಬಿಟ್ಟು ಒಂದ ಮಗ್ಗಲಕ ಹೋಗತೈತಿ, ಮೇಯೂದು ಬಿಡತೈತಿ, ಕಾಲಿಲೆ ನೆಲ ಕೆರೀತೈತಿ, ಮಲಗತೈತಿ, ಏಳತೈತಿ, ತನ್ನ ಹಿಂದ ತಾನ ತಿರುಗಿ ನೋಡತೈತಿ. ಆಮ್ಯಾಲ ನೀರಿನ ಚೀಲ ಕಾಣತೈತಿ. ಚೀಲ ಒಡದ ಮ್ಯಾಲ ಅರ್ಧ ತಾಸು, ಮುಕ್ಕಾಲು ತಾಸಿನಾಗ ಮರಿ ಬರಬೇಕು. ಎರಡು ಮುಂಗಾಲು ಮುಂದ ಚಾಚಿ ಅದರ ಮ್ಯಾಲ ಮೂತಿ ಇಟ್ಕೊಂಡು ಬಂದ್ರ ಅದು ಸರಿ, ಕೈ ಹಚ್ಚಬ್ಯಾಡ್ರಿ.

ಬಿದ್ದ ಕೂಡಲೇ ಮೂಗು ಬಾಯಾಗಿನ ಲೋಳಿ ವರಸಿ ತಾಯಿ ಮೂತಿ ಮುಂದ ಇಡ್ರಿ, ಅದ ನೆಕ್ಕಲಿ. ಅದು ನೆಕ್ಕೂದು ಬರೇ ಸ್ವಚ್ಛ ಮಾಡಾಕ ಅಲ್ರಿ, ಅದರ ವಾಸನಿ ತಾಯಿ ತಲಿಯಾಗ ಕುಂದರತೈತಿ, ನಾಳಿ ನೂರು ಮರಿಯೊಳಗ ತನ್ನ ಮರಿ ಹುಡುಕೂದು ಆ ವಾಸನಿಲೆ. ನೀವು ಟವೆಲ್ಲಿಲೆ ಪೂರಾ ವರಸಿ ಮುದ್ದು ಮಾಡಿ ಇಟ್ರ ತಾಯಿ ಬಂದು ಮೂಸಿ ಗುದ್ದತೈತಿ.

ಬಯಲಾಗ ಇರೂದಕ್ಕ ಇನ್ನೊಂದು ಎಚ್ಚರ. ಕಾಗಿ. ಹಗಲಿನಾಗ ಈದ್ರ ಕಾಗಿ ಬಂದು ಹಸೀ ಮರಿ ಕಣ್ಣು, ಹೊಕ್ಕಳ ಕುಕ್ಕತಾವು, ನಾನು ಸಣ್ಣಾವಿದ್ದಾಗ ಒಂದು ಮರಿ ಹಂಗ ಹೋಗಿದ್ದು ಇನ್ನೂ ಕಣ್ಣ ಮುಂದ ಐತಿ. ರಾತ್ರಿ ನಾಯಿ, ನರಿ, ನಮ್ಮ ಕಡಿ ತೋಳ. ಮಾಸು, ಅಂದ್ರ ಮರಿ ಹುಟ್ಟಿದ ಮ್ಯಾಲ ಹಿಂದಿಂದ ಬೀಳೂ ಚೀಲ, ಬಿದ್ದ ಮ್ಯಾಲ ಅಲ್ಲೇ ಬಿಡಬ್ಯಾಡ್ರಿ, ದೂರ ಒಯ್ದು ಆಳಕ್ಕ ಹುಗೀರಿ ಮ್ಯಾಲ ಕಲ್ಲು ಹೇರ್ರಿ, ವಾಸನಿಗೆ ನಾಯಿ ಬರತಾವು. ಚಳಿ ರಾತ್ರಿ ಮರಿನ ದೊಡ್ಡ ಬುಟ್ಟಿ ಬೋರಲ ಹಾಕಿ ಅದರೊಳಗ ಬಿಡೂದು, ಮ್ಯಾಲ ಕಂಬಳಿ. ಉಸಿರಾಡಾಕ ಸಂದಿ ಇರಲಿ.

ಪಶುವೈದ್ಯೆ_ಹಾಸನ:
ಮೇಲಿನವ್ರು ಹೇಳಿದ್ದು ಬಹಳ ಸರಿಯಾಗಿದೆ. ಆದ್ರೆ ನಾನು ಎಲ್ಲಕ್ಕಿಂತ ಮೊದ್ಲು ಹೇಳ್ಬೇಕಾಗಿರೋದು ನಿಮ್ಮ ಪ್ರಶ್ನೆಯ ಕೊನೇ ಸಾಲಿನ ಬಗ್ಗೆ. ದಯವಿಟ್ಟು ನಿಮ್ಮ ಹೆಂಡತಿಯವರನ್ನ ಈ ಸಲ ಕರ್ಕೊಂಡು ಹೋಗ್ಬೇಡಿ. ಕುರಿ ಈಯುವಾಗ ಬರೋ ನೀರು, ಮಾಸು, ಹಸಿ ಮರಿ ಇವುಗಳಿಂದ ಬ್ರುಸೆಲ್ಲಾ, ಟಾಕ್ಸೋಪ್ಲಾಸ್ಮಾ, ಕ್ಲಾಮೈಡಿಯಾ, ಕ್ಯೂ ಫೀವರ್ ಅಂತ ಕೆಲವು ಸೋಂಕು ಮನುಷ್ಯರಿಗೆ ದಾಟ್ತವೆ, ಗರ್ಭಿಣಿಗೆ ಬಂದ್ರೆ ಗರ್ಭಪಾತ ಆಗೋ ಅಪಾಯ ಇದೆ. ಕುರಿ ನೋಡೋಕೆ ಪೂರ್ತಿ ಆರೋಗ್ಯವಾಗೇ ಇರ್ಬೋದು. ಮುಟ್ಟದಿದ್ರೆ ಸಾಕು ಅಂತಲೂ ಅಲ್ಲ, ನೀವು ಹಾಕ್ಕೊಂಡ ಬಟ್ಟೆ, ಚಪ್ಪಲಿ ಒಗೆಯೋದೂ ಅವರ ಕೈಗೆ ಬರ್ಬಾರ್ದು. ನೀವು ವಾಪಸ್ ಬೆಂಗಳೂರಿಗೆ ಬರುವಾಗಲೂ ಆ ಬಟ್ಟೆ ಅಲ್ಲೇ ಒಗ್ದು ಬನ್ನಿ. ನೀವೂ ಕೈಗವಸು ಇಲ್ದೆ ಕೈ ಹಾಕ್ಬೇಡಿ, ಹಸಿ ಹಾಲು ಕುಡೀಬೇಡಿ.

ಈಗ ಕುರಿ ವಿಷಯ. ತಗೊಂಡ್ ಹೋಗ್ಬೇಕಾದ್ದು ಜಾಸ್ತಿ ಇಲ್ಲ: ಉದ್ದ ತೋಳಿನ ಪ್ಲಾಸ್ಟಿಕ್ ಕೈಗವಸು, ಟಿಂಚರ್ ಅಯೋಡಿನ್, ಲಿಕ್ವಿಡ್ ಪ್ಯಾರಾಫಿನ್, ಥರ್ಮಾಮೀಟರ್, 50 ಎಂಎಲ್ ಸಿರಿಂಜ್ ಸೂಜಿ ಇಲ್ದೆ, ಮಗುವಿನ ಹಾಲಿನ ಬಾಟ್ಲಿ ಎರಡು, ತಲೆಗೆ ಕಟ್ಟೋ ಟಾರ್ಚ್, ಹಳೇ ಕಾಟನ್ ಸೀರೆ ತುಂಡುಗಳು. ಅಯೋಡಿನ್‌ನಲ್ಲಿ ಹೊಕ್ಕುಳ ಬಳ್ಳಿ ಪೂರ್ತಿ ಮುಳುಗ್ಬೇಕು, ಹತ್ತಿಯಲ್ಲಿ ಒರೆಸಿದ್ರೆ ಸಾಲಲ್ಲ, ಔಷಧಿ ಬಾಟ್ಲಿಯ ಸಣ್ಣ ಮುಚ್ಚಳಕ್ಕೆ ಹಾಕಿ ಬುಡದವರೆಗೆ ಅದ್ದಿ. ಇದನ್ನ ಬಿಟ್ರೆ ವಾರ ಹತ್ತು ದಿನಕ್ಕೆ ಮರಿ ಮಂಡಿ ಊದ್ಕೊಂಡು ಕುಂಟೋಕೆ ಶುರು ಮಾಡುತ್ತೆ, ಆಮೇಲೆ ಸರಿ ಮಾಡೋದು ಕಷ್ಟ.

ಗಿಣ್ಣದ ಹಾಲು. ಇದ್ರ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಮರಿ ಹುಟ್ಟಿದಾಗ ಅದರ ರಕ್ತದಲ್ಲಿ ರೋಗ ತಡೆಯೋ ಶಕ್ತಿ ಅಂತ ಏನೂ ಇರಲ್ಲ, ತಾಯಿ ಹೊಟ್ಟೇಲಿರುವಾಗ ಅದು ದಾಟಲ್ಲ, ಬರೋದೆಲ್ಲ ಗಿಣ್ಣದ ಹಾಲಿಂದಲೇ, ಅದೂ ಮರಿಯ ಕರುಳು ಅದನ್ನ ಹಾಗೇ ಹೀರ್ಕೊಳ್ಳೋದು ಮೊದಲ ಕೆಲವು ಗಂಟೆ ಮಾತ್ರ, ದಿನ ಕಳೆಯೋಷ್ಟ್ರಲ್ಲಿ ಆ ಬಾಗಿಲು ಮುಚ್ಚುತ್ತೆ. ಮೊದಲ ಎರಡು ಗಂಟೆ ಒಳಗೆ ಕೆಜಿಗೆ 50 ಎಂಎಲ್ ಹೋಗ್ಬೇಕು, ಅಂದ್ರೆ ಎರಡೂವರೆ ಕೆಜಿ ಮರಿಗೆ 125 ಎಂಎಲ್, ದಿನಕ್ಕೆ ಒಟ್ಟು ಅರ್ಧ ಲೀಟರ್ ಹತ್ರ. ಹಳ್ಳಿಲಿ ಎಷ್ಟೋ ಕಡೆ ಹಿರಿಯರು ಮಾಸು ಬೀಳೋ ತನಕ ಹಾಲು ಕುಡಿಸ್ಬಾರ್ದು, ಮರಿಗೆ ಭೇದಿ ಆಗುತ್ತೆ ಅಂತಾರೆ. ಗೌರವದಿಂದಲೇ ಹೇಳಿ, ಆದ್ರೆ ಈ ಒಂದು ಮಾತು ಕೇಳ್ಬೇಡಿ. ಮರಿ ಕುಡಿದಷ್ಟೂ ಮಾಸು ಬೇಗ ಬೀಳುತ್ತೆ. ತೊಟ್ಟಿನ ತುದೀಲಿ ಮೇಣದ ಹಾಗೆ ಒಂದು ಬಿರಟೆ ಇರುತ್ತೆ, ಎರಡು ಸಲ ಹಿಂಡಿ ಅದನ್ನ ತೆಗೀರಿ, ಬಲ ಇಲ್ಲದ ಮರಿ ಎಷ್ಟು ಚೀಪಿದ್ರೂ ಅದನ್ನ ಒಡೆಯೋಕಾಗಲ್ಲ, ನೋಡೋರು ಕುಡೀತಿದೆ ಅಂದ್ಕೊಂಡು ಸುಮ್ನಾಗ್ತಾರೆ. ಕೈಯಿಂದ ಹೊಟ್ಟೆ ಮುಟ್ಟಿ ನೋಡಿ.

ಯಾವಾಗ ಕೈ ಹಾಕ್ಬೇಕು? ನೀರು ಒಡ್ದು ಒಂದು ಗಂಟೆ ಜೋರಾಗಿ ತಿಣುಕಿದ್ರೂ ಏನೂ ಕಾಣ್ಲಿಲ್ಲ ಅಂದ್ರೆ, ತಲೆ ಮಾತ್ರ ಬಂದು ಕಾಲು ಇಲ್ಲ ಅಂದ್ರೆ, ಒಂದೇ ಕಾಲು ಅಂದ್ರೆ, ಬರೀ ಬಾಲ ಕಂಡ್ರೆ. ಮೊದಲ ಸಲ ನೀವೇ ಮಾಡೋಕೆ ಹೋಗ್ಬೇಡಿ, 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ನಂಬರ್ ಅದು, ಜೊತೆಗೆ ಊರಿನ ಪಶು ಆಸ್ಪತ್ರೆ ಡಾಕ್ಟರ್ ನಂಬರ್ ಇವತ್ತೇ ಮಾವನಿಂದ ಈಸ್ಕೊಳ್ಳಿ. ರಾತ್ರಿ ಯಾರೂ ಸಿಗ್ಲಿಲ್ಲ ಅಂದ್ರೆ ಉಗುರು ಕತ್ತರಿಸಿ, ಸೋಪಲ್ಲಿ ಕೈ ತೊಳ್ದು, ಕೈಗವಸಿಗೆ ಧಾರಾಳವಾಗಿ ಪ್ಯಾರಾಫಿನ್ ಹಚ್ಚಿ, ಸಿಕ್ಕ ಕಾಲು ಮುಂದಿಂದೋ ಹಿಂದಿಂದೋ ನೋಡಿ: ಮುಂಗಾಲಲ್ಲಿ ಗೊರಸಿನ ಮೇಲಿನ ಎರಡು ಕೀಲೂ ಒಂದೇ ದಿಕ್ಕಿಗೆ ಮಡಚ್ತವೆ, ಹಿಂಗಾಲಲ್ಲಿ ಒಂದಕ್ಕೊಂದು ವಿರುದ್ಧ. ಅವಳಿ ಇದ್ರೆ ಆ ಎರಡೂ ಕಾಲು ಒಂದೇ ಮರಿದಾ ಅಂತ ಎದೆವರೆಗೆ ತಡವಿ ನೋಡಿ. ಎಳೆಯೋದು ಕುರಿ ತಿಣುಕಿದಾಗ ಮಾತ್ರ, ನೇರಕ್ಕಲ್ಲ, ಕೆಳಗೆ ಕೆಚ್ಚಲ ಕಡೆಗೆ. ಮಾಸನ್ನ ಮಾತ್ರ ಯಾವತ್ತೂ ಎಳೀಬೇಡಿ, 12 ಗಂಟೆ ದಾಟಿದ್ರೂ ಬೀಳ್ಲಿಲ್ಲ ಅಂದ್ರೆ ಫೋನ್ ಮಾಡಿ.

ಹುಟ್ಟಿದ ಮರಿ ಉಸಿರಾಡ್ಲಿಲ್ಲ ಅಂದ್ರೆ ಹಿಂಗಾಲು ಹಿಡ್ದು ಗರಗರ ತಿರುಗಿಸೋದು ನಮ್ಮ ಕಡೆ ರೂಢಿ, ಅದು ಬೇಡ. ಒಣ ಹುಲ್ಲಿನ ಕಡ್ಡಿ ಮೂಗಲ್ಲಿ ಆಡ್ಸಿ ಸೀನಿಸಿ, ಎದೆ ಪಕ್ಕ ಒರಟು ಬಟ್ಟೇಲಿ ಜೋರಾಗಿ ಉಜ್ಜಿ.

ಮುಂಗಾರು_ಮಣ್ಣು:
ಡಾಕ್ಟ್ರೇ, ತುಂಬಾ ತುಂಬಾ ಥ್ಯಾಂಕ್ಸ್. ಈ ವಿಷಯ ನನಗೂ ಗೊತ್ತಿರ್ಲಿಲ್ಲ, ಮಾವನಿಗೂ ಗೊತ್ತಿರ್ಲಿಲ್ಲ, ಓದಿ ಕೈ ಕಾಲು ತಣ್ಣಗಾಯ್ತು. ಅವ್ರನ್ನ ಅವ್ರಮ್ಮನ ಮನೇಲಿ ಬಿಟ್ಟು ನಾನೊಬ್ನೇ ಹೋಗ್ತೀನಿ. ಅತ್ತೆ ಹತ್ರ ಫೋನಲ್ಲಿ ಗಿಣ್ಣದ ಹಾಲಿನ ಮಾತು ತೆಗ್ದೆ, ನೀವು ಹೇಳ್ದಂಗೇ ಮಾಸು ಬಿದ್ದ ಮೇಲೇ ಕುಡಿಸೋದು ಅಂದ್ರು, ನಮ್ಮತ್ತೆ ಕಾಲದಿಂದ ಹಂಗೇ ಅಂತ. ಹೋಗಿ ಮಾತಾಡ್ತೀನಿ.

ದಕ್ಷಿಣ_ದ್ವೀಪ:
ನಾನು ತುಮಕೂರಿನವ್ನು, ಈಗ ನ್ಯೂಜಿಲೆಂಡ್‌ನಲ್ಲಿದೀನಿ, ಓದುವಾಗ ಎರಡು ಸೀಸನ್ ಕುರಿ ಫಾರ್ಮಲ್ಲಿ ಕೆಲಸ ಮಾಡಿದೀನಿ. ಇಲ್ಲಿ ಎಲ್ಲಾ ಬಯಲಲ್ಲೇ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ, ಮಳೆ ಗಾಳಿ ಇದ್ರೂ ಕುರಿ ಹುಲ್ಲಲ್ಲೇ ಈಯುತ್ತೆ. ಒಬ್ಬ ಮನುಷ್ಯ ಸಾವಿರಕ್ಕಿಂತ ಜಾಸ್ತಿ ಕುರಿ ನೋಡ್ಕೋತಾನೆ, ನಮ್ಮೂರಿನ ಹಿಂಡಿಗೂ ಇದಕ್ಕೂ ಹೋಲಿಕೆ ಇಲ್ಲ, ಆದ್ರೂ ಎರಡು ವಿಷಯ ನಿಮ್ಗೆ ಉಪಯೋಗ ಆಗ್ಬೋದು.

ಒಂದು, ಕುರಿ ಈದ ಜಾಗ ಬಿಟ್ಟು ಅದನ್ನ ಓಡಿಸ್ಬೇಡಿ. ನೀರು ಚೆಲ್ಲಿದ ಆ ನೆಲವೇ ಅದಕ್ಕೆ ಮನೆ ಇದ್ದಂಗೆ, ಐದಾರು ಗಂಟೆ ಅಲ್ಲೇ ಸುತ್ತಾಡುತ್ತೆ, ಅಷ್ಟ್ರಲ್ಲಿ ತಾಯಿ ಮರಿ ಗುರುತು ಗಟ್ಟಿಯಾಗುತ್ತೆ. ಅವಳಿ ಹಾಕೋ ಕುರಿಗೆ ಇದು ಇನ್ನೂ ಮುಖ್ಯ. ಮೊದಲ ಮರಿ ನೆಕ್ತಾ ಇರುವಾಗ ಎರಡನೇ ಬೇನೆ ಬರುತ್ತೆ, ನಾಲ್ಕು ಹೆಜ್ಜೆ ಆಚೆ ಹೋಗಿ ಅದನ್ನ ಹಾಕುತ್ತೆ, ಯಾರಾದ್ರೂ ಬಂದು ಅಲುಗಾಡ್ಸಿದ್ರೆ ಎರಡನೇದನ್ನ ಮಾತ್ರ ಕರ್ಕೊಂಡು ಹೊರಟುಬಿಡುತ್ತೆ, ಮೊದಲನೇದು ಅಲ್ಲೇ ಅರಚ್ತಾ ಬಿದ್ದಿರುತ್ತೆ. ಸಾಧ್ಯ ಇದ್ರೆ ರೊಪ್ಪದ ಒಳಗೇ ಮುಳ್ಳಿನ ಕೊಂಬೆ ಇಟ್ಟು ಸಣ್ಣ ಸಣ್ಣ ಗೂಡು ತರ ನಾಲ್ಕೈದು ಮಾಡಿಟ್ಕೊಳ್ಳಿ, ಅವಳಿ ತಾಯಂದ್ರನ್ನ ಎರಡು ದಿನ ಅದರಲ್ಲಿ ಬಿಡಿ.

ಎರಡು, ತಾಯಿಗೂ ಮರಿಗೂ ಒಂದೇ ನಂಬರ್ ಹಾಕಿ. ಇಲ್ಲಿ ಸ್ಪ್ರೇ ಬಣ್ಣ ಇರುತ್ತೆ. ನಿಮಗೆ ಬೇರೆ ಬೇರೆ ಬಣ್ಣದ ನೂಲು ಸಾಕು, ಇಬ್ಬರ ಕೊರಳಿಗೂ ಒಂದೇ ಬಣ್ಣ, ಬಿಗಿ ಕಟ್ಬೇಡಿ, ಮರಿ ದಿನದಿನಕ್ಕೆ ಬೆಳ್ಯುತ್ತೆ. ಬೆಳಗ್ಗೆ ಬೆಳಕು ಹರಿಯುವಾಗ ಒಂದು ಸುತ್ತು, ಮಧ್ಯಾಹ್ನ ಒಂದು, ಸಂಜೆ ಒಂದು, ರಾತ್ರಿ ಎರಡು. ಸುಮ್ನೆ ನಿಂತು ಹತ್ತು ನಿಮಿಷ ನೋಡಿ. ಮರಿ ಎದ್ದು ಮೈ ಮುರಿದ್ರೆ ಹೊಟ್ಟೆ ತುಂಬಿದೆ ಅಂತ. ಬೆನ್ನು ಗೂನು ಮಾಡ್ಕೊಂಡು ನಾಲ್ಕೂ ಕಾಲು ಒಂದೇ ಕಡೆ ಸೇರಿಸಿ ನಿಂತಿದ್ರೆ ಹಸಿವು.

ಕಂಬಳಿ_ಗಂಟು:
ಅಣ್ಣ ನಮ್ದು ಪಾವಗಡ ಕಡೆ. ನಾರಿ ಸುವರ್ಣ ನಮ್ಮನೇಲೂ ಆರು ಇದಾವೆ. ಮಹಾರಾಷ್ಟ್ರದ ಫಲ್ಟಣದಲ್ಲಿ ನಾರಿ ಅನ್ನೋ ಸಂಸ್ಥೆಯವ್ರು ಬಂಗಾಳದ ಸುಂದರಬನದ ಗರೋಲ್ ಅನ್ನೋ ಸಣ್ಣ ಕುರಿಯ ಅವಳಿ ಗುಣನ ನಮ್ಮ ದಖ್ಖನಿ ಕುರಿಗೆ ತಂದು ಮಾಡಿದ ತಳಿ ಅದು. ಅವಳಿ ಬರುತ್ತೆ ನಿಜ, ಆದ್ರೆ ಮೇವು ಕಮ್ಮಿ ಆದ್ರೆ ತಾಯಿನೇ ಕುಸಿದು ಬೀಳುತ್ತೆ. ಕೊನೇ ಆರು ವಾರದಲ್ಲೇ ಮರಿ ಹೊಟ್ಟೇಲಿ ಬೆಳಿಯೋದು ಜಾಸ್ತಿ, ಆ ಟೈಮಲ್ಲಿ ಮೆಕ್ಕೆಜೋಳ ಹಿಂಡಿ ಏನಾದ್ರೂ ಕೈ ತಿಂಡಿ ಹಾಕ್ತಿದಾರಾ ಮಾವ, ಇಲ್ಲಾಂದ್ರೆ ಇವತ್ತಿಂದ್ಲೇ ಸ್ವಲ್ಪ ಸ್ವಲ್ಪ ಶುರು ಮಾಡಿಸಿ, ಒಂದೇ ಸಲ ಸುರೀಬೇಡಿ. ಗಬ್ಬದ ಕುರಿ ಹಿಂಡಿಂದ ಹಿಂದೆ ಉಳ್ದು, ಕಣ್ಣು ಕಾಣ್ದಂಗೆ ಆಡಿ, ಹಲ್ಲು ಕಡೀತಾ ಮಂಕಾಗಿ ನಿಂತ್ರೆ ಅದು ಸುಸ್ತಲ್ಲ, ಡಾಕ್ಟ್ರನ್ನ ಕರೀರಿ, ಬರೋ ತನಕ ಬೆಲ್ಲದ ನೀರು ನಿಧಾನಕ್ಕೆ ಕುಡಿಸಿ.

ಗಿಣ್ಣದ ಹಾಲು ಸಾಲ್ದೆ ಬಂದ್ರೆ ಅಂತ, ಊರಲ್ಲಿ ಯಾರ್ದಾದ್ರೂ ಹಸು ಈದಿದ್ರೆ ಒಂದ್ ಲೀಟರ್ ಗಿಣ್ಣದ ಹಾಲು ಕೇಳಿ ಇಸ್ಕೊಂಡು ಸಣ್ಣ ಸಣ್ಣ ಬಾಟ್ಲಿಗೆ ಹಾಕಿ ಫ್ರಿಜ್ಜಿನ ಐಸ್ ಜಾಗದಲ್ಲಿಡಿ, ಹಸು ಆರೋಗ್ಯವಾಗಿರ್ಬೇಕು ಅಷ್ಟೇ. ಬೇಕಾದಾಗ ಬಾಟ್ಲಿನ ಬಿಸ್ನೀರಲ್ಲಿ ಇಟ್ಟು ಉಗುರು ಬೆಚ್ಚಗೆ ಮಾಡಿ. ಒಲೆ ಮೇಲೆ ಇಟ್ರೆ ಗೊತ್ತಲ್ಲ, ಗಟ್ಟಿಯಾಗಿ ಗಿಣ್ಣೇ ಆಗೋಗುತ್ತೆ, ನಾವ್ ತಿನ್ಬೋದು ಮರಿಗೆ ಪ್ರಯೋಜನ ಇಲ್ಲ.

ತಬ್ಬಲಿ ಮರಿ ಆದ್ರೆ, ಇಲ್ಲಾ ತಾಯಿಗೆ ಒಂದೇ ಮೊಲೇಲಿ ಹಾಲು ಬಂದು ಅವಳಿಲಿ ಒಂದು ಉಳ್ಕೊಂಡ್ರೆ, ಮರಿ ಸತ್ತ ಬೇರೆ ಕುರಿಗೆ ಅಂಟಿಸ್ಬೋದು. ಸತ್ತ ಮರಿ ಚರ್ಮ ಸುಲ್ದು ಅಂಗಿ ತರ ಇದಕ್ಕೆ ತೊಡಿಸೋದು. ನಮ್ ಮಾವನವ್ರು ಮಾಡ್ತಿದ್ರು, ಮೊದ್ಲು ನೋಡಿದಾಗ ನನಗೆ ಸಂಕಟ ಆಗಿತ್ತು, ಆದ್ರೆ ಆ ಕುರಿ ಮೂಸಿ ಮೂಸಿ ಕೊನೆಗೆ ಮೊಲೆ ಕೊಟ್ಟಾಗ ನಾನು ಅಳ್ತಾ ನಿಂತಿದ್ದೆ.

ಪಶುವೈದ್ಯೆ_ಹಾಸನ:
ಚರ್ಮ ಹೊದಿಸೋದು ಕೆಲಸ ಮಾಡುತ್ತೆ. ಆದ್ರೆ ತಿಂಗಳು ತುಂಬದೆ ಕಂದು ಹಾಕಿದ ಮರಿ, ಅಥವಾ ಕಾಯಿಲೆಯಿಂದ ಸತ್ತ ಮರಿದು ಬೇಡವೇ ಬೇಡ, ಅದನ್ನ ಕೈಗವಸು ಹಾಕ್ಕೊಂಡು ಆಳಕ್ಕೆ ಸುಣ್ಣ ಹಾಕಿ ಹೂಳಿ, ಒಂದಕ್ಕಿಂತ ಜಾಸ್ತಿ ಕುರಿ ಕಂದು ಹಾಕಿದ್ರೆ ಆಸ್ಪತ್ರೆಗೆ ತಿಳಿಸಿ. ಇನ್ನೊಂದು ಮರೆತಿದ್ದೆ. ಮಾಗಿ ಚಳೀಲಿ ಬೆಳಗಿನ ಜಾವ ತಣ್ಣಗಾಗಿ ಬಿದ್ದ ಮರಿ ಸಿಗುತ್ತೆ. ಬಾಯೊಳಗೆ ಬೆರಳಿಡಿ, ತಣ್ಣಗಿದ್ರೆ ಥರ್ಮಾಮೀಟರ್ ಇಡಿ. ಮರಿಗೆ ಸಹಜವಾಗಿ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇರುತ್ತೆ. 99ಕ್ಕಿಂತ ಕೆಳಗಿದ್ದು ತಲೆ ಎತ್ತೋಕೂ ಆಗ್ದಿರೋ ಮರಿ ಬಾಯಿಗೆ ಹಾಲು ಹುಯ್ಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತೆ. ಮೊದ್ಲು ಒಣಗ್ಸಿ, ಬಿಸ್ನೀರಿನ ಬಾಟ್ಲಿ ಬಟ್ಟೇಲಿ ಸುತ್ತಿ ಎರಡೂ ಪಕ್ಕ ಇಡಿ, ತಲೆ ಎತ್ತಿ ಚೀಪೋಕೆ ಶುರು ಮಾಡಿದ ಮೇಲೇ ಹಾಲು. ಹುಟ್ಟಿ ಐದಾರು ಗಂಟೆ ದಾಟಿದ ಮರಿಗೆ ಬಿಸಿ ಮಾಡೋಕೆ ಮುಂಚೆ ಗ್ಲೂಕೋಸ್ ಇಂಜೆಕ್ಷನ್ ಬೇಕಾಗ್ಬೋದು, ಅದು ಡಾಕ್ಟರ ಕೆಲಸ.

ಮುಂಗಾರು_ಮಣ್ಣು:
12 ದಿನ ಆಯ್ತು, ಇವತ್ತು ಬರೀತಿದೀನಿ. 21 ಕುರಿ ಈದಿವೆ, 26 ಮರಿ, ಎರಡು ಹೋದ್ವು, 24 ಇದಾವೆ.

ಮೊದಲ ನಾಲ್ಕು ದಿನ ನಾನು ಏನೂ ಮಾಡ್ಲೇ ಇಲ್ಲ, ದೂರ ಕೂತ್ಕೊಂಡು ನೋಡಿದ್ದಷ್ಟೇ, ಹೊಕ್ಕುಳಕ್ಕೆ ಅಯೋಡಿನ್, ತೊಟ್ಟು ಹಿಂಡೋದು, ನೂಲು ಕಟ್ಟೋದು. ಮಾವ ಹೊರಗೆ ಮಂಚ ಹಾಕಿಸ್ಕೊಂಡು ಅಲ್ಲಿಂದಲೇ, ಆ ಕೋಡಿಲ್ಲದ್ದು ನೋಡು, ಈಯದೆ ಇವತ್ತು ರಾತ್ರಿ ದಾಟಲ್ಲ ಅಂತಾರೆ, ಒಂದ್ ಸಲಾನೂ ತಪ್ಪಿಲ್ಲ. ಅತ್ತೆ ಜೊತೆ ವಾದ ಮಾಡ್ಲಿಲ್ಲ, ಮೊದಲ ಕುರಿಗೆ ಮಾತ್ರ ನನ್ ಮಾತು ಕೇಳಿ ಅತ್ತೆ ಅಂತ ಕೇಳ್ಕೊಂಡೆ, ಮರಿ ಅರ್ಧ ಗಂಟೇಲಿ ಕುಡೀತು, ಮೂರು ಗಂಟೇಲಿ ಮಾಸು ಬಿತ್ತು, ಸಾಯಂಕಾಲಕ್ಕೆ ಮರಿ ಕುಣೀತಿತ್ತು. ಆಮೇಲೆ ಅತ್ತೆನೇ ಮಂಡಿ ನೋವಲ್ಲೂ ಬಂದು ತೊಟ್ಟು ಹಿಂಡಿ ಬಾಯಿಗೆ ಇಡ್ತಾರೆ.

ಐದನೇ ರಾತ್ರಿ ಎರಡೂವರೆಗೆ ಒಂದು ನಾಟಿ ಕುರಿಗೆ ತಲೆ ಬಂದು ಕಾಲು ಬರ್ಲಿಲ್ಲ. ಡಾಕ್ಟ್ರಿಗೆ ಫೋನ್ ಮಾಡ್ದೆ, ಅವ್ರು ಬೇರೆ ಊರಲ್ಲಿದ್ರು, ಫೋನ್ ಸ್ಪೀಕರ್‌ಗೆ ಹಾಕಿ ಹೇಳ್ತಾ ಹೋದ್ರು, ನಾನು ಮಾಡ್ದೆ. ಕಾಲು ಹಿಂದಕ್ಕೆ ಮಡಚ್ಕೊಂಡಿತ್ತು, ಸಿಕ್ತು, ಬಿಡಿಸ್ದೆ, ಆದ್ರೆ ಹೊತ್ತಾಗೋಗಿತ್ತು, ಮರಿ ನಾಲಿಗೆ ಊದಿ ನೀಲಿ ಆಗಿತ್ತು, ಉಜ್ಜಿದೆ, ಕಡ್ಡಿ ಆಡಿಸ್ದೆ, ಉಸಿರು ಬರ್ಲಿಲ್ಲ. ಒಂದೂವರೆಗೆ ಸುತ್ತು ಹೋದಾಗ ಆ ಕುರಿ ಬೇಲಿ ಪಕ್ಕ ಒಂದೇ ನಿಂತಿತ್ತು, ನೋಡಿದ್ದೆ, ಇನ್ನೂ ಟೈಮಿದೆ ಅಂತ ಒಳಗೆ ಬಂದು ಮಲಗ್ದೆ. ಅದು ಈಗ್ಲೂ ಮನಸ್ಸಲ್ಲಿ ಚುಚ್ತಿದೆ.

ಬೆಳಗ್ಗೆ ಆ ಕುರಿ ಈದ ಜಾಗದಲ್ಲೇ ನಿಂತು ಕೂಗ್ತಿತ್ತು. ಅದೇ ದಿನ ನಾರಿ ಕ್ರಾಸ್ ಒಂದು ಅವಳಿ ಹಾಕ್ತು, ಅದಕ್ಕೆ ಒಂದು ಕಡೆ ಕೆಚ್ಚಲು ಗಟ್ಟಿ, ಹಾಲಿಲ್ಲ. ಡಾಕ್ಟ್ರನ್ನ ಕೇಳಿದ್ವಿ, ಸತ್ತ ಮರಿಗೆ ಕಾಯಿಲೆ ಏನಿಲ್ಲ ಮಾಡ್ಬೋದು ಅಂದ್ರು. ಮಾವ ಮಂಚದ ಮೇಲೇ ಕೂತು ಚರ್ಮ ಸುಲಿದ್ರು, ಕಾಲಿಗೆ ನಾಲ್ಕು ತೂತು, ನಾನು ಮರಿಗೆ ತೊಡಿಸ್ದೆ. ಕುರಿ ಬಾಲ ಎತ್ತಿ ಮೂಸ್ತು, ತಲೆ ಕಡೆ ಮೂಸಿ ಗುದ್ತು, ಮತ್ತೆ ಬಾಲ ಮೂಸ್ತು. ಎರಡು ಗಂಟೆ ಹೀಗೇ. ಆಮೇಲೆ ಕೂಗೋದು ನಿಲ್ಲಿಸಿ ಗುಟುರು ಹಾಕ್ತಾ ಮರಿ ಬೆನ್ನು ನೆಕ್ಕೋಕೆ ಶುರು ಮಾಡ್ತು. ಮೂರನೇ ದಿನ ಚರ್ಮ ಬಿಚ್ಚಿದ್ವಿ, ಈಗ ಎರಡಕ್ಕೂ ಕೆಂಪು ನೂಲು.

ಇನ್ನೊಂದು ಸತ್ತಿದ್ದು ಹುಟ್ಟುವಾಗಲೇ ಒಂದು ಕೆಜಿನೂ ಇರ್ಲಿಲ್ಲ, ಒಲೆ ಪಕ್ಕ ಇಟ್ಟು ಒಂದು ದಿನ ಉಳಿಸ್ಕೊಂಡ್ವಿ.

ರಜೆ ಇನ್ನೂ ಒಂದು ವಾರ ಕೇಳಿ ಹಾಕಿಸ್ಕೊಂಡೆ, ಒಂಬತ್ತು ಬಾಕಿ ಇವೆ. ಪ್ರಶ್ನೆ ಒಂದೇ, ಮೊದಲು ಹುಟ್ಟಿದ ಮರಿಗಳು ಈಗ ತಾಯಿ ಹಿಂದೆ ಬೇಲಿ ದಾಟೋಕೆ ನೋಡ್ತಿವೆ, ಮೇಯೋಕೆ ಹೋಗುವಾಗ ಜೊತೇಲಿ ಬಿಡ್ಬೋದಾ?

ತುಂಗಭದ್ರಾ_ದಂಡಿ:
ಒಂದು ಮರಿ ಹೋತಂತ ನೊಂದ್ಕೋಬ್ಯಾಡ್ರಿ ಅಣ್ಣಾರ, ನಮ್ಮ ಕೈಯಾಗೂ ಹೋಗ್ಯಾವು, ಬೇಲಿ ಪಕ್ಕ ಒಂದ ನಿಂತ ಕುರಿನ ನೀವು ಇನ್ನ ಮರಿಯಂಗಿಲ್ಲ. ಮರಿ ಈಗ ಬಿಡಬ್ಯಾಡ್ರಿ. ತಿಂಗಳಾಗೂ ತನಕ ರೊಪ್ಪದಾಗ ಇರಲಿ, ಎಳೀ ಬೇವಿನ ಸೊಪ್ಪು, ಸುಬಾಬುಲ್ ಸೊಪ್ಪು ಕಟ್ಟಿ ತೂಗ ಹಾಕ್ರಿ, ಬಾಯಿ ಆಡಸತಾವು. ತಾಯಿ ಮುಂಜಾನೆ ಕುಡಿಸಿ ಹೋಗಲಿ, ನಡು ಮಧ್ಯಾಹ್ನ ಒಮ್ಮೆ ಹೊಡಕೊಂಡು ಬರ್ರಿ, ಸಂಜಿಗೆ ಮತ್ತ. ಬಿಸಿಲಾಗ ದೂರ ನಡದ್ರ ಮರಿ ಸೊರಗತೈತಿ, ಹಿಂದ ಉಳದ್ರ ನಾಯಿ ಪಾಲು.

ಮುಂಗಾರು_ಮಣ್ಣು:
ಆಯ್ತಣ್ಣ, ಹಂಗೇ ಮಾಡ್ತೀವಿ. ಹೊರಗೆ ಬಿಳಿ ಮೂತಿ ಕುರಿ ಬೇವಿನ ಮರದ ಬುಡದಲ್ಲಿ ನೆಲ ಕೆರೀತಿದೆ ಅಂತ ಮಾವ ಕರೀತಿದಾರೆ. ಈ ಸಲ ಮಲಗಲ್ಲ, ಕಂಬಳಿ ಹೊದ್ಕೊಂಡು ಅಲ್ಲೇ ಕೂತ್ಕೋತೀನಿ.